ಮಾಮು ಕೊಟ್ಟ ಇನ್ಸುಲಿನ್

ಸಲ್ಮಾಗೆ ಶುಗರ್ ಇದೆ ಎಂದು ಗೊತ್ತಾದಾಗ ಅವಳು ಐದನೇ ಕ್ಲಾಸಿನಲ್ಲಿದ್ದಳು. ದೊಡ್ಡವರಿಗೆ ಬರುವ, ಗುಳಿಗೆಗೆ ಬಗ್ಗುವ ಶುಗರ್ ಅಲ್ಲ. ಅವಳ ಹೊಟ್ಟೆಯೊಳಗೆ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ಸತ್ತುಹೋಗಿದ್ದವು. ರೋಗದ ವಿರುದ್ಧ ಮೈ ಕಾಯಬೇಕಾದ ರಕ್ತದ ಕಣಗಳು ದಾರಿ ತಪ್ಪಿ ಅವನ್ನೇ ಕೊಂದುಹಾಕಿದ್ದವು. ಬೆಳಿಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್, ಜೀವ ಇರುವ ತನಕ ತಪ್ಪಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು.

ಮಸ್ಕಿಯ ಆ ಮನೆಯಲ್ಲಿ ಸೂಜಿ ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಚಾಂದ್‌ಪಾಷಾ ಗಾದಿ ಹೊಲಿಯುವವನು. ಗೇಣುದ್ದದ ಸೂಜಿಯನ್ನು ಹತ್ತಿಯೊಳಗೆ ಆ ಕಡೆಯಿಂದ ಈ ಕಡೆಗೆ ಎಳೆಯುವ ಅವನ ಕೈ ಮಗಳ ಹೊಟ್ಟೆಯ ಮುಂದೆ ಏಳುತ್ತಿರಲಿಲ್ಲ. ಅಮ್ಮ ಮಾಬುಬೀ ಸಿರಿಂಜು ಕಂಡರೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು.

ಆಗ ಬಂದವನು ಪರ್ವೇಜ್ ಮಾಮು, ಮಾಬುಬೀಯ ತಮ್ಮ. ಲಿಂಗಸುಗೂರಿನಲ್ಲಿ ಅವನದೊಂದು ಮೆಡಿಕಲ್ ಅಂಗಡಿ ಇತ್ತು. ತಾಯಿ ತೀರಿಕೊಂಡಾಗ ಇನ್ನೂ ನಡೆಯಲು ಬಾರದಿದ್ದ ಅವನನ್ನು ಮಾಬುಬೀಯೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವನು ಚಾಪೆಯ ಮೇಲೆ ಸಲ್ಮಾಳ ಎದುರು ಕುಳಿತು, ಅಂಗಿ ಎತ್ತಿ, ಔಷಧಿ ತುಂಬದ ಹೊಸ ಸೂಜಿಯೊಂದನ್ನು ತನ್ನ ಹೊಟ್ಟೆಗೇ ಚುಚ್ಚಿಕೊಂಡ.

"ನೋಡು ಬೇಟಾ, ಇರಿವಿ ಕಚ್ಚಿದಂಗ. ಅಷ್ಟ. ನಾ ಅತ್ನೇನು?"

ಸಲ್ಮಾ ನಕ್ಕಳು. ಅವತ್ತೇ ತನ್ನ ಕೈಯಿಂದ ತಾನೇ ಚುಚ್ಚಿಕೊಳ್ಳುವುದನ್ನು ಕಲಿತಳು. ಅವತ್ತಿನಿಂದ ಇನ್ಸುಲಿನ್ ತಂದುಕೊಡುವುದು ಮಾಮುವಿನ ಕೆಲಸವಾಯಿತು. ಮನೆಯಲ್ಲಿ ಫ್ರಿಜ್ ಇರಲಿಲ್ಲವಾದ್ದರಿಂದ ಬಾಟ್ಲಿಗಳೆಲ್ಲ ಅವನ ಅಂಗಡಿಯಲ್ಲೇ ಇರುತ್ತಿದ್ದವು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಐಸ್ ಹಾಕಿದ ಡಬ್ಬಿಯಲ್ಲಿಟ್ಟು ತರುತ್ತಿದ್ದ. ಮನೆಯಲ್ಲಿ ಅದನ್ನು ಒದ್ದೆ ಮರಳಿನ ಗಡಿಗೆಯೊಳಗೆ ಇಡುತ್ತಿದ್ದರು. ಚಾಂದ್‌ಪಾಷಾ ದುಡ್ಡು ಕೊಡಲು ಹೋದರೆ ಪರ್ವೇಜ್ ಅವನ ಕೈಯನ್ನು ಹಿಂದಕ್ಕೆ ತಳ್ಳುತ್ತಿದ್ದ. "ಭಾಯಿ, ಇಕಿ ನನ್ನ ಹುಸ್ನಾ ಇದ್ದಂಗ," ಎನ್ನುತ್ತಿದ್ದ. ಹುಸ್ನಾ ಅವನ ಮಗಳು.

ವರ್ಷಗಳು ಹೀಗೇ ಕಳೆದವು. ಸಲ್ಮಾ ಸಿಂಧನೂರಿನ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಸೈನ್ಸಿಗೆ ಬಂದಳು. ಬೆಳಿಗ್ಗೆ ಮಸ್ಕಿಯಿಂದ ಬಸ್ಸು, ಸಂಜೆ ವಾಪಸು. ಕಾಲೇಜಿನಲ್ಲಿ ಅವಳಿಗೆ ಶುಗರ್ ಇರುವುದು ಜವಳಗೇರಾದಿಂದ ಬರುವ ಗೆಳತಿ ಪ್ರಿಯಾಂಕಾಗೆ ಮಾತ್ರ ಗೊತ್ತಿತ್ತು. ಬೇರೆ ಯಾರಿಗೂ ಹೇಳಬಾರದೆಂದು ಮಾಬುಬೀಯ ಕಟ್ಟಪ್ಪಣೆ. "ನಾಳೆ ನಿನ್ನ ನೋಡಾಕ ಬಂದವರ ಕಿವಿಗೆ ಬಿದ್ರ?" ಎನ್ನುತ್ತಿದ್ದಳು.

ಆ ವರ್ಷ ಮಳೆ ಶುರುವಾದ ಮೇಲೆ ಸಲ್ಮಾಗೆ ನೀರಡಿಕೆ ಹತ್ತಿತು. ಎಷ್ಟು ಕುಡಿದರೂ ತೀರುತ್ತಿರಲಿಲ್ಲ. ಬಸ್ಸು ಸಿಂಧನೂರು ಮುಟ್ಟುವಷ್ಟರಲ್ಲಿ ಮೂತ್ರ ತಡೆಯಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು. ಚೂಡಿದಾರದ ತೋಳು ಸಡಿಲವಾದವು. ಮನೆಯಲ್ಲಿದ್ದ ಮಷಿನ್‌ನಲ್ಲಿ ರಕ್ತ ನೋಡಿದರೆ ಶುಗರ್ ಹಿಂದೆಂದೂ ಇಲ್ಲದಷ್ಟು ಏರಿತ್ತು.

ಅವಳು ಮಾಮುಗೆ ಫೋನ್ ಮಾಡಿದಳು. "ಮಾಮು, ಮೈಯಾಗ ಯಾಕೋ ಹುಷಾರಿಲ್ಲ," ಎಂದಷ್ಟೇ ಹೇಳಿದಳು. ಶುಗರ್ ಎಂಬ ಮಾತು ಅವಳ ಬಾಯಿಂದ ಇನ್ನೂ ಬಂದಿರಲಿಲ್ಲ. ಅವನೇ ಅವಸರದಲ್ಲಿ ಹೇಳಿದ: "ಇನ್ಸುಲಿನ್ ನಾಲ್ಕು ಪಾಯಿಂಟ್ ಜಾಸ್ತಿ ತಗೋ ಬೇಟಾ. ವಯಸ್ಸಿಗೆ ಬಂದ ಹುಡುಗ್ಯಾರಿಗೆ ಹಂಗ ಬೇಕಾಗತೈತಿ."

ನಾಲ್ಕು ಪಾಯಿಂಟ್ ಹೆಚ್ಚಿಸಿದರೂ ಇಳಿಯಲಿಲ್ಲ. ಬಾಟ್ಲಿಯಲ್ಲೂ ಏನೋ ಬೇರೆ ಥರ ಕಾಣುತ್ತಿತ್ತು. ಅವಳ ಇನ್ಸುಲಿನ್ ಹಾಲಿನ ಹಾಗೆ ಬೆಳ್ಳಗಿರುವಂಥದ್ದು. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರೆ ಎಲ್ಲ ಒಂದೇ ಸಮ ಆಗುತ್ತಿತ್ತು. ಈಗ ಉರುಳಿಸಿದ ಮೇಲೂ ಗಾಜಿನ ಒಳಮೈಗೆ ಸಣ್ಣ ರವೆಯಂಥದ್ದು ಅಂಟಿಕೊಂಡೇ ಇರುತ್ತಿತ್ತು. ಮುಂದಿನ ಸಲ ಮಾಮು ಬಂದಾಗ ತೋರಿಸಿದಳು. ಅವನು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಕಂಪನಿ ಬದಲಾಗೈತಿ, ಹಿಂಗ ಇರತೈತಿ," ಎಂದು ಕೈಗೆ ವಾಪಸು ಕೊಟ್ಟ.

ಮನೆಯಲ್ಲಿ ಅಷ್ಟರಲ್ಲಿ ಬೇರೆ ಮಾತು ಶುರುವಾಗಿತ್ತು. ಮಾಬುಬೀ ಮಗಳ ಬ್ಯಾಗು ಜಾಲಾಡಿದಳು. ಅದರ ಮೂಲೆಯಲ್ಲಿ ಎರಡು ಚಾಕಲೇಟು ಸಿಕ್ಕವು.

"ಇದೇನು?"

"ಅಮ್ಮೀ, ಶುಗರ್ ಕಡಿಮಿ ಆಗಿ ತಲಿ ತಿರುಗಿದ್ರ ಬಾಯಾಗ ಹಾಕ್ಕೊಳ್ಳಾಕ. ಡಾಕ್ಟರೇ ಇಟ್ಕೊ ಅಂದಾರ. ನಿನಗೂ ಗೊತ್ತೈತೆಲ್ಲ."

"ಕಡಿಮಿ ಎಲ್ಲ್ಯಾಗೈತಿ? ಮುಗಿಲಿಗೆ ಮುಟ್ಟೈತಿ! ಕಾಲೇಜಿನ್ಯಾಗ ಏನೇನು ತಿಂತಿ? ಆ ಜವಳಗೇರಾದ ಹುಡುಗಿ ಏನು ತಂದು ತಿನಸಾಕತ್ತಾಳ?"

ಸಲ್ಮಾ ಖುದಾನ ಆಣೆ ಇಟ್ಟು ಹೇಳಿದಳು, ತಾನು ಏನೂ ತಿಂದಿಲ್ಲ, ಒಂದು ಹೊತ್ತಿನ ಇಂಜೆಕ್ಷನ್ನೂ ಬಿಟ್ಟಿಲ್ಲ ಎಂದು. ಮಾಬುಬೀ ನಂಬಲಿಲ್ಲ. ತಮ್ಮನನ್ನು ಕರೆಸಿದಳು.

ಪರ್ವೇಜ್ ಬಂದ. ಚಹಾ ಕುಡಿದು, ಲೋಟ ಕೆಳಗಿಟ್ಟು, ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದ. "ಬೈಬ್ಯಾಡ ಆಪಾ. ಈ ವಯಸ್ಸಿನಾಗ ಹುಡುಗ್ರು ಹಂಗ. ನಾಲಿಗಿ ಕೇಳಂಗಿಲ್ಲ. ಕದ್ದು ತಿಂತಾವ, ಇಂಜೆಕ್ಷನ್ ತಪ್ಪಿಸ್ತಾವ. ನಮ್ಮ ಅಂಗಡಿಗೆ ಬರೋ ಮಂದೀನೂ ಹಿಂಗ ಅಳತಾರ. ಇನ್ನ ಮ್ಯಾಲ ನಿನ್ನ ಕಣ್ಣ ಮುಂದ ಚುಚ್ಚಕೊಳ್ಳಲಿ."

ಸಲ್ಮಾ ಅವನ ಮುಖ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ತನ್ನ ಪರವಾಗಿ ಮಾತಾಡುವವನು ಇವನೊಬ್ಬನೇ ಎಂದು ಆ ಗಳಿಗೆಯ ತನಕ ಅಂದುಕೊಂಡಿದ್ದಳು.

ಅವತ್ತಿನಿಂದ ಮಾಬುಬೀ ಎದುರಿಗೇ ನಿಂತು ನೋಡತೊಡಗಿದಳು. ಸಿರಿಂಜಿಗೆ ಎಷ್ಟು ಎಳೆದಳು, ಸೂಜಿ ಪೂರ್ತಿ ಹೋಯಿತೋ ಇಲ್ಲವೋ ಎಲ್ಲವನ್ನೂ. ಮೊದಲು ಸೂಜಿ ಕಂಡರೆ ಗೋಡೆಗೆ ಮುಖ ಮಾಡುತ್ತಿದ್ದವಳು ಈಗ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಆದರೂ ಶುಗರ್ ಇಳಿಯಲಿಲ್ಲ. "ಹಂಗಾದ್ರ ಖರೇನ ಕದ್ದು ತಿನ್ನಾಕತ್ತಾಳ," ಎಂದು ಗಂಡನ ಮುಂದೆ ತೀರ್ಮಾನ ಹೇಳಿದಳು. ಚಾಂದ್‌ಪಾಷಾ ತಲೆಯಲ್ಲಿ ಹತ್ತಿಯ ಧೂಳು ಹೊತ್ತು ಕುಳಿತಿದ್ದ. ಮಗಳನ್ನು ಏನೂ ಕೇಳದೆ ಎದ್ದು ಹೊರಗೆ ಹೋದ.

ಆ ವಾರವೇ ಕಾಲೇಜಿನಲ್ಲಿ ಬಯಾಲಜಿಯ ಹನುಮಂತರಾಯ ಸರ್ ಪ್ರೋಟೀನಿನ ಪಾಠ ಶುರು ಮಾಡಿದರು. ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ರಾಯಚೂರು ಸೀಮೆಯ ಕನ್ನಡದಲ್ಲಿ ಪಾಠ ಹೇಳುವ ಮನುಷ್ಯ.

"ಜೀವ ಅಂದ್ರ ಏನ್ರಪಾ? ನೀವು ಉಂಡ ರೊಟ್ಟಿ ಕರಗಸೋದು ಪ್ರೋಟೀನ್. ಉಸಿರು ಹೊತ್ಕೊಂಡು ರಕ್ತದಾಗ ಅಡ್ಡಾಡೋದು ಪ್ರೋಟೀನ್. ಕೂದಲು ಪ್ರೋಟೀನ್, ಉಗುರು ಪ್ರೋಟೀನ್. ಹಿಂದಿನ ಬೆಂಚಿನ್ಯಾಗ ಆಕಳಸಾಕತ್ತೀರಲ್ಲ, ಆ ಬಾಯಿ ತೆರಿಯೋ ಸ್ನಾಯೂನೂ ಅದ."

ಹುಡುಗರು ನಕ್ಕರು. ಸರ್ ಹಲಗೆಯ ಮೇಲೆ ಒಂದು ದೊಡ್ಡ ಸುತ್ತು, ಅದರೊಳಗೊಂದು ಸಣ್ಣ ಸುತ್ತು ಬರೆದರು.

"ಈ ಸಣ್ಣ ಸುತ್ತಿನ್ಯಾಗ ಡಿಎನ್‌ಎ ಅದ. ಯಾವ ಪ್ರೋಟೀನ್ ಹೆಂಗ ಮಾಡಬೇಕು ಅನ್ನೋದೆಲ್ಲ ಅದರಾಗ ಬರದದ. ತಹಶೀಲ್ ಆಫೀಸಿನ್ಯಾಗ ನಿಮ್ಮ ಹೊಲದ ಮೂಲ ಕಾಗದ ಹೊರಗ ಕೊಡ್ತಾರೇನು? ಇಲ್ಲ. ನಕಲು ಕೊಡ್ತಾರ. ಇಲ್ಲೂ ಹಂಗ. ಬೇಕಾದಷ್ಟರ ನಕಲು ಮಾತ್ರ ಹೊರಗ ಬರತದ, ಅದ ಆರ್‌ಎನ್‌ಎ. ಹೊರಗ ರೈಬೋಸೋಮ್ ಆ ನಕಲನ್ನ ಮೂರು ಮೂರು ಅಕ್ಷರ ಓದ್ಕೋತ ಹೋಗತದ. ಮೂರು ಅಕ್ಷರಕ್ಕ ಒಂದು ಅಮೈನೋ ಆಮ್ಲ. ಒಂದರ ಬಾಲಕ್ಕ ಇನ್ನೊಂದು ಸೇರಿಸ್ಕೋತ ಸರಪಳಿ ಬೆಳಸತದ. ನಮ್ಮ ಮೈಯಾಗಿನ ಎಲ್ಲಾ ಪ್ರೋಟೀನೂ ಇಪ್ಪತ್ತು ನಮೂನಿ ಅಮೈನೋ ಆಮ್ಲದಾಗ ಆಗ್ಯಾವ. ಯಾವುದರ ಮುಂದ ಯಾವುದು ಅನ್ನೋದ ಎಲ್ಲಾ."

ಸಲ್ಮಾ ಬಾಯಾರಿಕೆ ಮರೆತು ಕೇಳುತ್ತಿದ್ದಳು. ತನ್ನೊಳಗೂ ಇನ್ಸುಲಿನ್ ಮಾಡುವ ಬರಹ ಇದೆ, ಓದುವ ಜೀವಕೋಶಗಳಷ್ಟೇ ಇಲ್ಲ ಎಂದು ಅವಳಿಗೆ ಮೊದಲ ಸಲ ಸರಿಯಾಗಿ ತಿಳಿಯಿತು. ಮನುಷ್ಯನ ಇನ್ಸುಲಿನ್ನಿನ ಅದೇ ಬರಹವನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಕಾರ್ಖಾನೆಯಲ್ಲಿ ಇನ್ಸುಲಿನ್ ಮಾಡಿಸುತ್ತಾರೆ ಎಂದು ಸರ್ ಹೇಳಿದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು. ಕಣ್ಣಿಗೆ ಕಾಣದ ಯಾವುದೋ ಜೀವ ಎಲ್ಲೋ ಕುಳಿತು ತನಗಾಗಿ ಓದುತ್ತಿದೆ ಅನ್ನಿಸಿತು.

"ಸರಪಳಿ ಆತು, ಮುಗೀತು ಅಂತ ತಿಳ್ಕೋಬ್ಯಾಡ್ರಿ," ಎಂದರು ಸರ್. "ಅದು ತನ್ನ ರೀತಿಯಾಗ ಮಡಚ್ಕೋಬೇಕು. ಆ ಆಕಾರ ಬಂದ್ರನ ಕೆಲಸ. ಬಿಸಿ ಹೆಚ್ಚಾದ್ರ ಮಡಿಕಿ ಬಿಚ್ಚತದ, ಒಂದಕ್ಕೊಂದು ಸಿಕ್ಕಹಾಕ್ಕೊಂಡು ಗಂಟಾಗತದ. ತತ್ತಿ ಕುದಿಸಿದ್ರ ಗಟ್ಟಿ ಆಗತದಲ್ಲ, ಅದ ಇದು. ಅಮೈನೋ ಆಮ್ಲ ಒಂದೂ ಎಲ್ಲೂ ಹೋಗಿರಂಗಿಲ್ಲ. ಆದ್ರ ಕೆಲಸ ಸತ್ತಿರತದ. ಕುದಿಸಿದ ತತ್ತಿ ಫ್ರಿಜ್ಜಿನ್ಯಾಗ ಇಟ್ರ ಮತ್ತ ಹಸಿ ತತ್ತಿ ಆಗತದೇನು?"

ಕ್ಲಾಸು ನಕ್ಕಿತು. ಸಲ್ಮಾ ನಗಲಿಲ್ಲ. ಎದ್ದು ನಿಂತಳು.

"ಸರ್, ಇನ್ಸುಲಿನ್ ಬಿಸಿಗೆ ಕೆಟ್ರ ನೋಡಿದ್ರ ಗೊತ್ತಾಗತೈತೇನ್ರೀ?"

"ಒಮ್ಮೊಮ್ಮೆ ಕಾಳು ಕಾಳು ಕಾಣತದ. ಒಮ್ಮೊಮ್ಮೆ ಏನೂ ಕಾಣಂಗಿಲ್ಲ. ಯಾಕವಾ?"

"ಸುಮ್ನ ಕೇಳ್ದೆ ಸರ್."

ಸಂಜೆ ಬಸ್‌ಸ್ಟ್ಯಾಂಡಿನಿಂದಲೇ ಮಾಮುಗೆ ಫೋನ್ ಮಾಡಿದಳು. "ಮಾಮು, ಅಂಗಡಿ ಫ್ರಿಜ್ ಬರೋಬ್ಬರಿ ಐತೇನು? ನಡುವ ಏನಾರ ಕೆಟ್ಟಿತ್ತಾ?"

ಆ ಕಡೆಯಿಂದ ಅವಳು ಯಾವತ್ತೂ ಕೇಳದ ದನಿ ಬಂತು. "ನಾಕು ಅಕ್ಷರ ಕಲತು ನನಗ ಪಾಠ ಹೇಳಾಕ ಬಂದೀಯೇನು? ನಿನ್ನ ತಪ್ಪು ಮುಚ್ಚಾಕ ನನ್ನ ಅಂಗಡಿ ಮ್ಯಾಲ ಹಾಕ್ತಿ?"

ಅವಳು ಮನೆ ಮುಟ್ಟುವ ಮೊದಲೇ ಮಾತು ಮನೆ ಮುಟ್ಟಿತ್ತು. ಮಾಬುಬೀ ಬಾಗಿಲಲ್ಲೇ ನಿಂತಿದ್ದಳು. "ಯಾರು ನಿನಗ ಇಷ್ಟು ವರ್ಷ ಜೀವ ಕೊಟ್ರೋ ಅವರಿಗೇ ಕಳ್ಳ ಅಂತೀಯಾ? ನಿನ್ನ ನಾಲಿಗಿಗೆ ಹುಳಾ ಬೀಳ್ಲಿ." ಅಂದದ್ದೇ ಅಳತೊಡಗಿದಳು. ಸಲ್ಮಾ ಒಂದು ತಂಬಿಗೆ ನೀರು ಕುಡಿದು ಹಾಸಿಗೆಗೆ ಬಿದ್ದಳು.

ಎರಡು ದಿನ ಬಿಟ್ಟು ಕಾಲೇಜಿನ ಲ್ಯಾಬಿನಲ್ಲಿ ಸಲ್ಮಾ ವಾಂತಿ ಮಾಡಿಕೊಂಡಳು. ಹೊಟ್ಟೆ ಹಿಡಿದುಕೊಂಡು ಕುಸಿದಳು. ಓಡಿ ಬಂದವರಂತೆ ದೀರ್ಘವಾಗಿ ಉಸಿರೆಳೆಯುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಪ್ರಿಯಾಂಕಾ ಹೆದರಿ, ಮುಚ್ಚಿಟ್ಟಿದ್ದ ಗುಟ್ಟನ್ನು ಸರ್‌ಗೆ ಹೇಳಿಬಿಟ್ಟಳು. ಹನುಮಂತರಾಯ ಸರ್ ತಮ್ಮ ಕಾರಿನಲ್ಲೇ ಅವಳನ್ನು ಸಿಂಧನೂರಿನ ಒಂದು ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಅವಳಿಗೆ ಎಚ್ಚರ ತಪ್ಪಿತು.

ಎಚ್ಚರವಾದಾಗ ಮರುದಿನ ಮಧ್ಯಾಹ್ನ. ಎರಡೂ ಕೈಗೆ ಸಲೈನ್. ಮಾಬುಬೀ ಕಾಲ ಬಳಿ ಕುಳಿತು ತಸಬೀಹ್ ಮಣಿ ಎಣಿಸುತ್ತಿದ್ದಳು. ಡಾಕ್ಟರ್ ಮೇಡಂ ಬಂದು ಶುಗರ್ ನೋಡಿ, "ಇಳೀತು. ಇನ್ನೊಂದಷ್ಟು ಹೊತ್ತು ತಡ ಮಾಡಿದ್ರ ಉಳೀತಿರಲಿಲ್ಲ," ಎಂದರು. "ಎಷ್ಟು ದಿನದಿಂದ ಇನ್ಸುಲಿನ್ ಬಿಟ್ಟಿದ್ಯಮ್ಮ?"

"ಬಿಟ್ಟಿಲ್ರೀ ಮೇಡಂ."

"ಬಿಡದೇ ಹಿಂಗಾಗೋದು ಕಡಿಮೆ. ಮುಚ್ಚಿಡಬೇಡ." ಅವರು ಮಾಬುಬೀಯ ಕಡೆ ತಿರುಗಿದರು. "ನೀವು ನೋಡಿದ್ದೀರೇನ್ರೀ?"

ಮಾಬುಬೀ ಮಣಿ ಎಣಿಸುವುದನ್ನು ನಿಲ್ಲಿಸಿದಳು. "ದಿನಾ ಎರಡು ಹೊತ್ತು ನನ್ನ ಕಣ್ಣ ಮುಂದನ ತಗೊಂಡಾಳ್ರೀ," ಎಂದಳು ಮೆಲ್ಲಗೆ. ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ಹೊಳೆದಂತಿತ್ತು. ಮುಖ ಬಿಳುಪೇರಿತು.

"ಹಾಗಿದ್ರೆ ಔಷಧಿಯೇ ಕೆಟ್ಟಿರಬೇಕು. ಇಲ್ಲಿ ನಮ್ಮ ಬಾಟ್ಲಿಯಿಂದ ಕೊಟ್ಟ ಕೂಡಲೇ ಇಳಿದಿದೆಯಲ್ಲ. ಅವಳು ತಗೋತಿದ್ದ ಬಾಟ್ಲಿ ಸಂಜೆ ನನಗೆ ತೋರಿಸಿ."

ಬಾಟ್ಲಿ ಸಲ್ಮಾಳ ಬ್ಯಾಗಿನಲ್ಲೇ ಇತ್ತು. ಅದು ಮುಗಿಯುತ್ತ ಬಂದಿದ್ದರಿಂದ ಗಡಿಗೆಯಿಂದ ತೆಗೆದು ಒದ್ದೆ ಬಟ್ಟೆ ಸುತ್ತಿ ಜತೆಗೆ ಒಯ್ದಿದ್ದಳು, ಧೈರ್ಯ ಬಂದರೆ ಹನುಮಂತರಾಯ ಸರ್‌ಗೆ ತೋರಿಸಬೇಕೆಂದು.

ಸ್ವಲ್ಪ ಹೊತ್ತಿಗೆ ಪರ್ವೇಜ್ ಮಾಮು ಬಂದ. ಕಣ್ಣು ಕೆಂಪಗಿದ್ದವು. ಅಕ್ಕನ ತಲೆ ಎದೆಗೊತ್ತಿಕೊಂಡ. ಇಬ್ಬರೂ ಅತ್ತರು. ಬಾಟ್ಲಿ ತೋರಿಸಬೇಕಂತೆ ಎಂದು ಮಾಬುಬೀ ಅವನಿಗೆ ಹೇಳಿದಳು. ಆಮೇಲೆ ನಮಾಜಿಗೆಂದು ಹೊರಗೆ ಹೋದಳು. ಸಲ್ಮಾ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ. ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿ ರೆಪ್ಪೆ ಸ್ವಲ್ಪ ತೆರೆದಳು. ಮಾಮು ಒದ್ದೆ ಬಟ್ಟೆ ಬಿಚ್ಚಿ ಬಾಟ್ಲಿ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿಟ್ಟ. ಜಿಪ್ ಎಳೆದ. ಆಮೇಲೆ ಹತ್ತಿರ ಬಂದು ಅವಳ ಹಣೆಯ ಮೇಲೆ ಕೈಯಿಟ್ಟ. ಆ ಕೈ ತಣ್ಣಗಿತ್ತು. ಕೂಗಬೇಕು ಅನ್ನಿಸಿದರೂ ಸಲ್ಮಾ ರೆಪ್ಪೆ ಮತ್ತೆ ಮುಚ್ಚಿಕೊಂಡಳು. ತನ್ನ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ನಗಿಸಿದ್ದ ಮಾಮು ಕಳ್ಳನಂತೆ ಅವಳ ಬ್ಯಾಗಿಗೆ ಕೈ ಹಾಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಸಂಜೆ ಡಾಕ್ಟರ್ ಕೇಳಿದಾಗ ಮಾಬುಬೀ ಬ್ಯಾಗು ಹುಡುಕಿದಳು. ಬಟ್ಟೆ ಇತ್ತು, ಬಾಟ್ಲಿ ಇರಲಿಲ್ಲ.

"ಹೋಗ್ಲಿ, ಯಾವ ಮೆಡಿಕಲ್‌ನಿಂದ ತರ್ತಿದ್ರಿ?"

ಸಲ್ಮಾ ಅಮ್ಮನ ಮುಖ ನೋಡಿದಳು. ಮಾಬುಬೀ ಖಾಲಿ ಬಟ್ಟೆಯನ್ನು ಮಡಚುತ್ತ, "ಎಲ್ಲಿ ಸಿಗತೈತೋ ಅಲ್ಲಿ ತರ್ತಿದ್ವಿರೀ. ನೆಪ್ಪಿಲ್ಲ," ಎಂದಳು.

ಅಷ್ಟು ದಿನ ಮಗಳನ್ನು ಸುಳ್ಳಿ ಎಂದವಳು ಮಗಳ ಎದುರಿಗೇ ತಣ್ಣಗೆ ಸುಳ್ಳು ಹೇಳಿದಳು. ಸಲ್ಮಾ ಗೋಡೆಯ ಕಡೆ ಹೊರಳಿದಳು.

ಮರುದಿನ ಚಾಂದ್‌ಪಾಷಾ ಒಬ್ಬನೇ ಅವಳ ಹತ್ತಿರ ಕುಳಿತಿದ್ದ. "ಬೇಟಾ, ಒಂದ ಸಲ ಕೇಳ್ತೀನಿ. ನೀ ಕದ್ದು ಏನಾರ ತಿಂದಿದ್ದಿ?"

"ಇಲ್ಲ ಅಬ್ಬಾ."

"ಹಂಗಾರ ಇಲ್ಲ," ಎಂದ. ಅವಳ ಹೊದಿಕೆ ಸರಿ ಮಾಡಿ, "ಮದ್ಲ ಕೇಳಬೇಕಿತ್ತು ನಾ," ಎಂದ. ಸಲ್ಮಾ ಆಗ ಅತ್ತಳು. ಬ್ಯಾಗಿನ ವಿಷಯವನ್ನು ಅಪ್ಪನಿಗೆ ಹೇಳಿದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ, ನಡೆಯುವಷ್ಟು ಶಕ್ತಿ ಬಂದ ದಿನ, ಅಪ್ಪ ಮಗಳು ಮಾಬುಬೀಗೆ ಹೇಳದೆ ಲಿಂಗಸುಗೂರಿನ ಬಸ್ಸು ಹತ್ತಿದರು. ಅಂಗಡಿಯಲ್ಲಿ ಸಂತೆಕಲ್ಲೂರಿನ ಮುದುಕನೊಬ್ಬ ಹೆಂಡತಿಗೆ ಇನ್ಸುಲಿನ್ ಕೊಳ್ಳಲು ನಿಂತಿದ್ದ. ಇವರನ್ನು ಇನ್ನೂ ಕಾಣದ ಪರ್ವೇಜ್ ಫ್ರಿಜ್ಜಿನ ಮೇಲಿನ ಹಲಗೆಯಿಂದ ಬಾಟ್ಲಿ ತೆಗೆದು ಕೊಟ್ಟ. ತಿರುಗಿ ನೋಡಿದ. ಮುಖದ ನಗು ಅರ್ಧಕ್ಕೇ ನಿಂತಿತು.

"ಅಯ್ಯೋ ಬೇಟಾ, ನೀ ಯಾಕ ಬಂದಿ? ನಾನ ತರ್ತಿದ್ದೆನಲ್ಲ."

"ನನಗ ತಂದು ಕೊಡ್ತಿದ್ದ ಬಾಟ್ಲಿ ತೋರಸ್ರಿ ಮಾಮು."

ಮುದುಕ ಹೊರಟುಹೋಗುವ ತನಕ ಅವನು ಚಿಲ್ಲರೆ ಎಣಿಸುತ್ತ ನಿಂತ. ಚಾಂದ್‌ಪಾಷಾ ಕೌಂಟರಿನ ಪಕ್ಕದ ಹಲಗೆ ಎತ್ತಿ ಒಳಗೆ ಹೋಗಿ ಫ್ರಿಜ್ ತೆಗೆದ. ಕೆಳಗೆ ತರಕಾರಿ ಇಡುವ ಡ್ರಾಯರಿನಲ್ಲಿ, ಬೇರೆಯಾಗಿ, ಅದೇ ಇನ್ಸುಲಿನ್ನಿನ ಬಾಟ್ಲಿಗಳು ಇದ್ದವು. ಸಲ್ಮಾ ಒಂದನ್ನು ಅಂಗೈಗಳ ನಡುವೆ ಉರುಳಿಸಿ ಬೆಳಕಿಗೆ ಹಿಡಿದಳು. ಗಾಜಿಗೆ ಅಂಟಿದ ರವೆ ಅವಳ ಅಪ್ಪನಿಗೂ ಕಂಡಿತು.

ಪರ್ವೇಜ್ ಸ್ಟೂಲಿನ ಮೇಲೆ ಕುಸಿದು ಕುಳಿತ. "ಬ್ಯಾಸಗ್ಯಾಗ ಫ್ರಿಜ್ ಸುಟ್ಟಿತ್ತು," ಎಂದ. "ನಾವೆಲ್ಲ ಮದುವಿಗೆ ಹೋಗಿದ್ವಿ. ಶೆಟರ್ ಹಾಕಿತ್ತು. ಮ್ಯಾಲ ತಗಡು. ವಾಪಸ್ ಬಂದು ತೆರದ್ರ ಒಳಗ ಭಟ್ಟಿ ಆದಂಗಿತ್ತು. ಹೊಸ ಫ್ರಿಜ್ ತಂದು ಅದರಾಗ ಇಟ್ಟೆ. ಕಂಪನ್ಯಾರು ವಾಪಸ್ ತಗೊಳಂಗಿಲ್ಲ ಅಂದ್ರು."

"ಕುದಿಸಿದ ತತ್ತಿ ಫ್ರಿಜ್ಜಿನ್ಯಾಗ ಇಟ್ರ ಹಸೀದಾಗಂಗಿಲ್ಲ ಮಾಮು. ಅದು ಪ್ರೋಟೀನು. ಒಮ್ಮೆ ಬಿಸಿಗೆ ಕೆಟ್ತಂದ್ರ ಮುಗೀತು. ನಿಮಗ ಗೊತ್ತಿತ್ತು."

"ಪೂರಾ ಕೆಟ್ಟಿರಂಗಿಲ್ಲ, ಅರ್ಧಾರ ಕೆಲಸ ಮಾಡತೈತಿ ಅನ್ಕೊಂಡೆ. ಅದಕ್ಕ ಜಾಸ್ತಿ ತಗೋ ಅಂದೆ."

"ಎಷ್ಟು ಮಂದಿಗೆ ಕೊಟ್ಟೀರಿ ಇದನ್ನ?"

ಪರ್ವೇಜ್ ತಲೆ ಎತ್ತಿದ. ಆ ಮಾತು ತನ್ನನ್ನು ಕಾಪಾಡುತ್ತದೆ ಎಂಬಂತೆ ಆಸೆಯಿಂದ ಹೇಳಿದ: "ಯಾರಿಗೂ ಕೊಟ್ಟಿಲ್ಲ ಬೇಟಾ! ಖುದಾ ಕಸಮ್, ಬ್ಯಾರೆ ಒಬ್ಬ ಗಿರಾಕಿಗೂ ಕೊಟ್ಟಿಲ್ಲ. ನಿನಗೊಬ್ಬಾಕಿಗೇ ಕೊಟ್ಟೀನಿ."

ಸಲ್ಮಾ ಕೈಯಲ್ಲಿದ್ದ ಬಾಟ್ಲಿಯನ್ನು ಡ್ರಾಯರಿಗೆ ವಾಪಸು ಇಟ್ಟಳು.

"ನನಗ ಯಾಕ?" ಸಲ್ಮಾಳ ದನಿ ಬಹಳ ಸಣ್ಣದಾಗಿತ್ತು.

"ಗಿರಾಕಿಗೆ ಏನಾರ ಆದ್ರ ಅಂಗಡಿ ಮುಂದ ಬಂದು ಕೂಡ್ತಾರ. ಪೊಲೀಸ್ರಿಗೆ ಹೋಗ್ತಾರ. ಮನಿ ಮಂದಿ..." ಅವನು ಅಲ್ಲಿಗೇ ನಿಲ್ಲಿಸಿದ.

ಚಾಂದ್‌ಪಾಷಾ ಕೇಳಿದ, "ಮಂದಿಗೆ ಕೊಡಾಕ ನಿನಗ ಅಂಜಿಕಿ ಬಂತು. ನನ್ನ ಮಗಳಿಗೆ ಕೊಡಾಕ ಬರಲಿಲ್ಲೇನು ಪರ್ವೇಜ್?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಲ್ಮಾ ಡ್ರಾಯರಿನಲ್ಲಿದ್ದ ಬಾಟ್ಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡಳು. ಅವನು ತಡೆಯಲಿಲ್ಲ. "ಆಪಾಗೆ ಹೇಳಬ್ಯಾಡ್ರಿ," ಎಂದಷ್ಟೇ ಅಂದ.

ಹೇಳಬೇಕಾದ್ದೇ ಇರಲಿಲ್ಲ. ಮಾಬುಬೀಗೆ ಆಸ್ಪತ್ರೆಯಲ್ಲೇ ತಿಳಿದಿತ್ತು. ಚೀಲ ಕಂಡೊಡನೆ ಮಗಳ ಎರಡೂ ಕೈ ಹಿಡಿದುಕೊಂಡಳು. "ಆಗಿದ್ದು ಆತು. ಜೀವ ಉಳೀತು. ಇದನ್ನ ಹಿತ್ತಲದಾಗ ಹುಗದುಬಿಡೋಣ. ಅವನ ಅಂಗಡಿ ಹೋದ್ರ ಅವನ ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ತಾರ. ನನ್ನ ಮುಖ ನೋಡಿ ಬಿಡು."

ಸಲ್ಮಾ ಕೈ ಬಿಡಿಸಿಕೊಂಡಳು. ಮುಂದಿನ ವಾರ ಸಿಂಧನೂರಿನ ಆಸ್ಪತ್ರೆಗೆ ತೋರಿಸಲು ಹೋದಾಗ, ಮಾಬುಬೀ ಪಕ್ಕದಲ್ಲಿ ಕುಳಿತಿರುವಂತೆಯೇ, ಚೀಲವನ್ನು ಡಾಕ್ಟರ್ ಮೇಡಂ ಮೇಜಿನ ಮೇಲಿಟ್ಟಳು. ಮಾಬುಬೀ ಮೇಜಿನ ಕೆಳಗೆ ಅವಳ ಮೊಣಕಾಲು ಒತ್ತಿದಳು. ಸಲ್ಮಾ ಅಂಗಡಿಯ ಹೆಸರು ಹೇಳಿದಳು, ಊರು ಹೇಳಿದಳು. "ಅವರು ನನಗ ಸ್ವಂತ ಮಾಮು ಆಗಬೇಕ್ರೀ," ಎಂದೂ ಸೇರಿಸಿದಳು.

ಔಷಧಿ ಇಲಾಖೆಯವರು ಬಂದರು. ಬಾಟ್ಲಿಗಳು ಪರೀಕ್ಷೆಗೆ ಹೋದವು. ಪರ್ವೇಜನ ಅಂಗಡಿ ಬಹಳ ದಿನ ಮುಚ್ಚಿತ್ತು. ಆಮೇಲೆ ತೆರೆಯಿತಂತೆ, ಮೊದಲಿನ ವ್ಯಾಪಾರ ಇಲ್ಲವಂತೆ. ಅವನು ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದ, ಫೋನೂ ಎತ್ತಲಿಲ್ಲ. ಹುಸ್ನಾಳ ಮದುವೆ ಗೊತ್ತಾಗಿ ಮಂಗನಿ ಆಯಿತೆಂಬ ಸುದ್ದಿ ಮಾಬುಬೀಗೆ ಮಸ್ಕಿಯ ಬಜಾರಿನಲ್ಲಿ ಯಾರದೋ ಬಾಯಿಂದ ತಿಳಿಯಿತು.

ಅವತ್ತು ಅವಳು ತಂದ ತರಕಾರಿ ಚೀಲವನ್ನು ನೆಲಕ್ಕಿಟ್ಟು ಸುಮ್ಮನೆ ಕುಳಿತುಬಿಟ್ಟಳು. ಸಲ್ಮಾ ಪುಸ್ತಕ ಮುಚ್ಚಿ ಹತ್ತಿರ ಬಂದಳು.

"ಅಮ್ಮೀ, ನೀ ದಿನಾ ನಿಂತು ನೋಡಿದ್ದಿ. ನನ್ನ ಹೊಟ್ಟ್ಯಾಗ ಸೂಜಿ ಹೋಗೋದು ನೋಡಿದ್ದಿ. ಆದ್ರೂ ಸುಳ್ಳಿ ಅಂದಿ. ಯಾಕ?"

ಮಾಬುಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಸುಳ್ಳು ಹೇಳಿದ್ರ ಬೈದು ತಿದ್ದಬಹುದಿತ್ತು," ಎಂದಳು. "ಅವನು ಸುಳ್ಳಾದ್ರ ನನಗ ತವರ ಇರ್ತಿದ್ದಿಲ್ಲ. ಅದಕ್ಕ ನೀನ ಸುಳ್ಳಾಗಲಿ ಅಂತ ಬೇಡ್ಕೊಂತಿದ್ದೆ."

ಅಮ್ಮನ ಮಾತು ಸಲ್ಮಾಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಎದೆಯೊಳಗಿನ ಉರಿ ಕಡಿಮೆಯಾಗಲಿಲ್ಲ. ತಬ್ಬಿಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ. ಇಂಜೆಕ್ಷನ್ ಹೊತ್ತಾಗಿತ್ತು. ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ಮಾಬುಬೀ ತರಕಾರಿಯನ್ನು ಒಂದೊಂದಾಗಿ ಬುಟ್ಟಿಗೆ ತೆಗೆದಿಡುವ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ರೊಟ್ಟಿ ಬಡಿಯತೊಡಗಿದಳು. ಚಾಂದ್‌ಪಾಷಾ ಬಂದು ಕೈಕಾಲು ತೊಳೆದ. ಮೂವರೂ ಕುಳಿತು ಉಂಡರು.